ಸಸ್ಯಶಾಸ್ತ್ರದ ಪಿತಾಮಹ ಥಿಯೋಫ್ರಾಸ್ಟಸ್

ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿಗಳು ಎಂದೊಡನೆ ಸಾಕ್ರೆಟೀಸ್, ಪ್ಲೇಟೋ, ಅರಿಸ್ಟಾಟಲ್ ಈ ಮೂವರ ಹೆಸರುಗಳು ನಮ್ಮ ನೆನಪಿಗೆ ಬರುತ್ತವೆ. ಇವರ ಸಾಲಿನಲ್ಲಿ ನಿಲ್ಲತಕ್ಕ ನಾಲ್ಕನೆಯವನೊಬ್ಬನಿದ್ದಾನೆ. ಆತನೇ ಥಿಯೋಫ್ರಾಸ್ಟಸ್. ಸಸ್ಯಶಾಸ್ತ್ರದ ಪಿತಾಮಹನೆಂದು ವಿದ್ವಾಂಸರು ಆತನನ್ನು ಗೌರವಿಸುತ್ತಾರೆ. ಆದರೆ ಆತನ ಹಿರಿಮೆ ಗಿಡಗಳ ವರ್ಣನೆಯೊಂದರಲ್ಲಿಯೇ ಇಲ್ಲ. ಕಾಡಿನ ಮದ್ದಿನ ಬೇರನ್ನು ಯಾವ ಕಾಲದಲ್ಲಿ ಕೀಳಬೇಕು, ಎಷ್ಟು ಕೀಳಬೇಕು, ಕೆಡದಂತೆ ಹೇಗೆ ಮಾರುಕಟ್ಟೆಗೆ ಸಾಗಿಸಬೇಕು ಎಂಬ ವಿಷಯಗಳನ್ನು ಸುಮಾರು 2300 ವರ್ಷಗಳ ಹಿಂದೆಯೇ ಆತನು ಬರೆದಿಟ್ಟನು. ನಮ್ಮ ಕಾಲದ ಸರ್ಕಾರಗಳೂ ಸಂಸ್ಥೆಗಳೂ ಇದೇ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುವಾಗ ಆತನ ಜೀವನವನ್ನು ಸ್ಮರಿಸುವುದು ಅನುಚಿತವಾಗಲಾರದು.

ಕ್ರಿ. ಪೂ. 371ರ ಸುಮಾರಿಗೆ ಲೆಸ್ಬಾಸ್ ದ್ವೀಪದ ಎರೆಸಸ್ ಎಂಬ ಊರಿನಲ್ಲಿ ಆತನು ಜನಿಸಿದನು. ತಂದೆ ಮೆಲಾಂಟಸ್, ಬಟ್ಟೆಯನ್ನು ತುಳಿದು ತೊಳೆದು ಹದಮಾಡುವ ಕಸುಬಿನವನೆಂದು ಪ್ರಾಚೀನ ಚರಿತ್ರಕಾರ ಡಯೋಜನೀಸ್ ಲೇರ್ಷಿಯಸ್ ತಿಳಿಸುತ್ತಾನೆ. ಮಗನಿಗೆ ಇಟ್ಟ ಹೆಸರು ಟಿರ್ಟಮಸ್. ಆತನ ಮಾತಿನ ಸೊಗಸಿಗೆ ಮೆಚ್ಚಿ, ದೈವಿಕವಾದ ವಾಣಿಯುಳ್ಳವನೆಂಬ ಅರ್ಥ ಬರುವಂತೆ ಥಿಯೋಫ್ರಾಸ್ಟಸ್ ಎಂಬ ಹೆಸರನ್ನು ಕೊಟ್ಟವನು ಗುರು ಅರಿಸ್ಟಾಟಲ್. ಮುಂದೆ ಲೋಕವು ತಂದೆಯಿಟ್ಟ ಹೆಸರನ್ನು ಮರೆತು ಗುರುವಿಟ್ಟ ಹೆಸರನ್ನೇ ಉಳಿಸಿಕೊಂಡಿತು. ಕಸುಬುದಾರನ ಮನೆಯ ಮಗನೊಬ್ಬನು ವಿದ್ಯೆಯ ಬಲದಿಂದ ಅಥೆನ್ಸ್ ನಗರದ ಶ್ರೇಷ್ಠ ವಿದ್ಯಾಪೀಠದ ಮುಖ್ಯಸ್ಥನಾದನೆಂಬುದು, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿರುವ ನಮ್ಮಂಥವರಿಗೆ ಧೈರ್ಯವನ್ನು ಕೊಡತಕ್ಕ ಸಂಗತಿ.

ಕ್ರಿ. ಪೂ. 335ರಲ್ಲಿ ಅರಿಸ್ಟಾಟಲನು ಅಥೆನ್ಸಿನಲ್ಲಿ ಲೈಸಿಯಂ ಎಂಬ ವಿದ್ಯಾಪೀಠವನ್ನು ತೆರೆದನು. 323ರಲ್ಲಿ ಅಲೆಕ್ಸಾಂಡರನು ತೀರಿಕೊಂಡೊಡನೆ ಅಥೆನ್ಸಿನ ಜನ ಅರಿಸ್ಟಾಟಲನ ಮೇಲೆ ತಿರುಗಿಬಿದ್ದರು. ಆತನು ನಗರವನ್ನು ಬಿಟ್ಟು ಹೋಗಿ ಮರುವರ್ಷವೇ ಕಾಲವಾದನು. ವಿದ್ಯಾಪೀಠದ ಹೊಣೆ ಥಿಯೋಫ್ರಾಸ್ಟಸನ ಹೆಗಲಿಗೆ ಬಿತ್ತು. ಸುಮಾರು 35 ವರ್ಷ ಆತನು ಅದನ್ನು ನಡೆಸಿದನು. ಆತನ ಪಾಠಗಳಿಗೆ 2000 ಮಂದಿ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಪ್ರತೀತಿ. ನಾಟಕಕಾರ ಮೆನಾಂಡರ್ ಅವರಲ್ಲೊಬ್ಬ. ನಡುವೆ, ಪರವಾನಗಿಯಿಲ್ಲದೆ ಯಾರೂ ತತ್ತ್ವಶಾಸ್ತ್ರದ ಶಾಲೆ ನಡೆಸಕೂಡದೆಂಬ ಕಾನೂನು ಬಂದಾಗ ಆತನು ಊರು ಬಿಡಬೇಕಾಯಿತು. ವರ್ಷ ಕಳೆಯುವಷ್ಟರಲ್ಲಿ ಆ ಕಾನೂನೇ ಬಿದ್ದುಹೋಗಿ ಆತನು ಹಿಂದಿರುಗಿದನು.

ಗುರುವು ಪ್ರಾಣಿಗಳ ಅಧ್ಯಯನಕ್ಕೆ ತಳಹದಿ ಹಾಕಿದರೆ ಶಿಷ್ಯನು ಸಸ್ಯಗಳ ಅಧ್ಯಯನಕ್ಕೆ ಹಾಕಿದನು. ಸುಮಾರು 500 ಬಗೆಯ ಗಿಡಮರಗಳು ಆತನ ಬರಹದಲ್ಲಿ ಬರುತ್ತವೆ. ಅಲೆಕ್ಸಾಂಡರನ ದಂಡಿನೊಡನೆ ಭಾರತಕ್ಕೆ ಬಂದುಹೋದವರಿಂದ ಕೇಳಿ ತಿಳಿದು, ನಮ್ಮ ಆಲದ ಮರದ ಬಿಳಲುಗಳನ್ನೂ ಹತ್ತಿಯ ಗಿಡವನ್ನೂ ಆತನು ವರ್ಣಿಸಿದ್ದಾನೆ. ಕಣ್ಣಿಂದ ಕಾಣಲಾಗದ್ದನ್ನು ಕಂಡವರಿಂದ ಕೇಳುವುದು ಆತನ ಕ್ರಮ. ಈ ಕ್ರಮವೇ ಆತನನ್ನು ಬೇರು ಕೀಳುವವರ ಬಳಿಗೆ ಕೊಂಡೊಯ್ದಿತು.

ಆ ಕಾಲದ ಗ್ರೀಸಿನಲ್ಲಿ ಬೆಟ್ಟಕಾಡುಗಳನ್ನು ಸುತ್ತಿ ಮದ್ದಿನ ಬೇರುಗಳನ್ನು ತೆಗೆದುತರುವ ಒಂದು ವರ್ಗವೇ ಇದ್ದಿತು. ಅವುಗಳನ್ನು ಕೊಂಡು ಮಾರುವ ಮದ್ದಿನ ವ್ಯಾಪಾರಿಗಳು ಇನ್ನೊಂದು ವರ್ಗ. ಪಂಡಿತರು ಇವರ ಮಾತನ್ನು ಅಲಕ್ಷಿಸಬಹುದಾಗಿತ್ತು. ಥಿಯೋಫ್ರಾಸ್ಟಸನು ಹಾಗೆ ಮಾಡಲಿಲ್ಲ. ತನ್ನ ಸಸ್ಯಗ್ರಂಥದ ಒಂಬತ್ತನೆಯ ಭಾಗದಲ್ಲಿ ಅವರ ನಡವಳಿಗಳನ್ನು ಒಂದೊಂದಾಗಿ ದಾಖಲಿಸಿ ವಿಚಾರದ ಜರಡಿಯಲ್ಲಿ ಸೋಸಿದನು. ಮೈ ಊದಿಸುವ ಗಿಡವೊಂದನ್ನು ಕೀಳುವಾಗ ಮೈಗೆ ಎಣ್ಣೆ ಸವರಿ, ಗಾಳಿ ಬರುವ ಕಡೆ ನಿಲ್ಲಬೇಕೆಂದು ಅವರು ಹೇಳುತ್ತಿದ್ದರು. ಗಿಡದ ವಿಷ ಕೀಳುವವನಿಗೆ ತಾಗದಿರಲು ಇದು ಯುಕ್ತವಾದುದೆಂದು ಆತನು ಒಪ್ಪಿದನು. ಮತ್ತೊಂದು ಗಿಡವನ್ನು ಹಗಲಿನಲ್ಲಿ ಕಿತ್ತರೆ ಮರಕುಟಿಗವು ಕಂಡು ಕಣ್ಣಿಗೆ ಅಪಾಯವಾಗುವುದೆಂಬ ಮಾತನ್ನೂ, ಮ್ಯಾಂಡ್ರೇಕ್ ಬೇರಿನ ಸುತ್ತ ಕತ್ತಿಯಿಂದ ಮೂರು ಗೆರೆ ಎಳೆಯಬೇಕೆಂಬ ಮಾತನ್ನೂ ಕಟ್ಟುಕಥೆಗಳ ಪಾಲಿಗೆ ಸೇರಿಸಿದನು. ಆದರೆ ಕೀಳುವಾಗ ಪ್ರಾರ್ಥಿಸುವುದರಲ್ಲಿ ಅಸಂಬದ್ಧವೇನೂ ಇಲ್ಲವೆಂದನು. ಗಿಡಕ್ಕೆ ಕೈಮುಗಿದು ಬೇರು ತೆಗೆಯುವ ಹಿರಿಯರನ್ನು ಹಳ್ಳಿಗಳಲ್ಲಿ ಕಂಡಿರುವ ನಮಗೆ ಇದರ ಮರ್ಮ ತಿಳಿಯದೆ ಇರದು. ಕೈಮುಗಿಯುವವನು ಒಂದು ಕ್ಷಣವಾದರೂ ನಿಲ್ಲುತ್ತಾನೆ. ನಿಂತವನು ಎಷ್ಟು ಬೇಕೆಂದು ಯೋಚಿಸುತ್ತಾನೆ.

ಕಾಲದ ವಿಷಯದಲ್ಲಿಯೂ ಅವರ ಅನುಭವವನ್ನು ಆತನು ಬರೆದುಕೊಂಡನು. ಬಹುಪಾಲು ಬೇರುಗಳನ್ನು ಶರತ್ಕಾಲದಲ್ಲಿ ಎಲೆ ಉದುರಿದ ಮೇಲೆ ತೆಗೆಯುತ್ತಿದ್ದರು. ಹಣ್ಣು ಉಪಯೋಗಕ್ಕೆ ಬರುವ ಗಿಡಗಳ ಬೇರನ್ನು ಹಣ್ಣು ಹೋದ ಮೇಲೆ ಮಾತ್ರ ಕೀಳುತ್ತಿದ್ದರು. ಬೀಜ ಬಲಿತು ನೆಲಕ್ಕೆ ಬಿದ್ದ ಮೇಲೆ ಬೇರು ತೆಗೆದರೆ ಮುಂದಿನ ಸಂತತಿಗೆ ಅವಕಾಶ ಉಳಿಯುತ್ತದೆ ಎಂದು ಇಂದಿನ ತಜ್ಞರೂ ಹೇಳುತ್ತಾರೆ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಸಿಲ್ಫಿಯಂ ಗಿಡವನ್ನು ಕುರಿತು ಆತನು ಬರೆದ ಕೆಲವೇ ಸಾಲುಗಳು. ಇಂದಿನ ಲಿಬಿಯಾ ದೇಶದಲ್ಲಿದ್ದ ಸೈರೀನ್ ನಗರದ ಸುತ್ತಿನ ಪ್ರದೇಶದಲ್ಲಿ ಈ ಗಿಡ ಬೆಳೆಯುತ್ತಿತ್ತು. ಇದರ ಕಾಂಡದಿಂದಲೂ ಬೇರಿನಿಂದಲೂ ಒಸರುವ ರಸ ಮದ್ದಿಗೂ ಅಡಿಗೆಗೂ ಬರುತ್ತಿದ್ದಿತು. ನಗರದ ಸಂಪತ್ತಿಗೆ ಅದೇ ಮೂಲವಾದುದರಿಂದ ಅಲ್ಲಿಯ ನಾಣ್ಯಗಳ ಮೇಲೆಯೂ ಆ ಗಿಡದ ಚಿತ್ರವಿತ್ತು. ಅದು ಉತ್ತ ನೆಲವನ್ನು ಬಿಟ್ಟು ದೂರ ಸರಿಯುವ ಗಿಡ. ಆದಕಾರಣ ಕಾಡಿನಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ. ಸೈರೀನಿನ ಜನರು ಇದನ್ನು ಅರಿತಿದ್ದರು. ಗಣಿಗಳಲ್ಲಿ ಪಾಲು ಗೊತ್ತುಮಾಡುವಂತೆ ಅವರು ಬೇರನ್ನು ಕೊಯ್ಯುವುದಕ್ಕೂ ಕಟ್ಟಳೆ ಮಾಡಿದ್ದರು. ಹಿಂದೆ ಎಷ್ಟು ಕೊಯ್ದಿದೆ, ಈಗ ಗಿಡ ಎಷ್ಟಿದೆ ಎಂಬುದನ್ನು ನೋಡಿ ಪ್ರಮಾಣವನ್ನು ನಿಶ್ಚಯಿಸುತ್ತಿದ್ದರು. ತಪ್ಪು ರೀತಿಯಲ್ಲಿ ಕೊಯ್ಯುವಂತಿರಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೊಯ್ಯುವಂತೆಯೂ ಇರಲಿಲ್ಲ. ಬಳಸದೆ ಉಳಿದ ರಸ ಕೊಳೆತು ಹಾಳಾಗುವುದೆಂಬುದು ಇದಕ್ಕೆ ಆತನು ಕೊಡುವ ಕಾರಣ. ಅಥೆನ್ಸಿನ ರೇವಾದ ಪೈರೀಯಸಿಗೆ ಕಳುಹಿಸುವಾಗ ಅದನ್ನು ಪಾತ್ರೆಗಳಲ್ಲಿ ತುಂಬಿ, ಹಿಟ್ಟು ಬೆರೆಸಿ, ಬಹಳ ಹೊತ್ತು ಕುಲುಕಿ ಕೆಡದಂತೆ ಮಾಡುತ್ತಿದ್ದರೆಂದೂ ಬರೆದಿದ್ದಾನೆ. ಕೊಯ್ಲು, ಮಿತಿ, ಸಂಸ್ಕರಣೆ, ಮಾರಾಟ ಈ ನಾಲ್ಕೂ ಒಂದೆಡೆ ಹೇಳಲ್ಪಟ್ಟಿರುವ ಇಷ್ಟು ಹಳೆಯ ಬರಹಗಳು ಬಹು ವಿರಳ.

ಆ ಕಟ್ಟಳೆಯ ಮುಂದಿನ ಗತಿಯೇನು? ಕ್ರಿ. ಪೂ. 74ರಲ್ಲಿ ಸೈರೀನ್ ರೋಮನ್ ಪ್ರಾಂತವಾಯಿತು. ಸೀಸರನು 49ರಲ್ಲಿ ರೋಮಿನ ಬೊಕ್ಕಸದಿಂದ ಚಿನ್ನ ಬೆಳ್ಳಿಗಳೊಡನೆ 1500 ಪೌಂಡು ಸಿಲ್ಫಿಯಂ ರಸವನ್ನೂ ತೆಗೆದನೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಬೆಲೆ ಏರಿದಂತೆ ಗಿಡ ಇಳಿಯಿತು. ಹುಲ್ಲುಗಾವಲನ್ನು ಗುತ್ತಿಗೆ ಹಿಡಿದವರು ಹೆಚ್ಚು ಲಾಭದ ಆಸೆಯಿಂದ ಕುರಿಗಳನ್ನು ಬಿಟ್ಟು ಅದನ್ನು ಮೇಯಿಸಿಬಿಟ್ಟರೆಂದು ಪ್ಲಿನಿಯ ಅಭಿಪ್ರಾಯ. ಹಗೆತನದಿಂದ ನುಗ್ಗಿದ ಅಲೆಮಾರಿಗಳು ಬೇರುಗಳನ್ನು ಹಾಳುಮಾಡಿದರೆಂದು ಭೂಗೋಳಕಾರ ಸ್ಟ್ರಾಬೋ ಹೇಳುತ್ತಾನೆ. ಕ್ರಿ. ಶ. 54ರಿಂದ 68ರವರೆಗೆ ಆಳಿದ ನೀರೋ ಚಕ್ರವರ್ತಿಯ ಕಾಲಕ್ಕೆ ಸಿಕ್ಕಿದ್ದು ಒಂದೇ ಒಂದು ಕಡ್ಡಿ; ಅದನ್ನೂ ಅವನಿಗೆ ಕಾಣಿಕೆಯಾಗಿ ಕಳುಹಿಸಿದರು. ಕಾರಣ ಏನೇ ಇರಲಿ, ಒಂದು ಮಾತು ಸ್ಪಷ್ಟ. ಆ ನೆಲದಲ್ಲಿಯೇ ಬಾಳಿ ಮುಂದಿನ ವರ್ಷವೂ ಅದೇ ಗಿಡವನ್ನು ನಂಬಿದವರ ಕೈಯಲ್ಲಿ ಇದ್ದಾಗ ಕಟ್ಟಳೆ ಬದುಕಿತ್ತು. ಗುತ್ತಿಗೆಯ ಅವಧಿ ಮುಗಿದೊಡನೆ ಎದ್ದುಹೋಗುವವರಿಗೆ ಮುಂದಿನ ವರ್ಷದ ಹಂಗೇನು?

ಸಿಲ್ಫಿಯಂ ಹೋದಮೇಲೆ ರೋಮನರು ಪರ್ಷಿಯಾದ ಕಡೆಯಿಂದ ಬರುತ್ತಿದ್ದ ಬೇರೊಂದು ರಸವನ್ನು ಬಳಸತೊಡಗಿದರು. ಅದು ಬೇರೇನೂ ಅಲ್ಲ, ನಮ್ಮ ಮನೆಗಳಲ್ಲಿ ಸಾರಿನ ಒಗ್ಗರಣೆಗೆ ಬೀಳುವ ಇಂಗು. ನಾವು ಅಂಗಡಿಯಿಂದ ತರುವ ಇಂಗಿನಲ್ಲಿಯೂ ಹಿಟ್ಟು, ಗೋಂದು ಬೆರೆತಿರುತ್ತವೆ. ಇಂಗಿನ ಡಬ್ಬಿ ಮುಚ್ಚಿದರೂ ವಾಸನೆ ಹೋಗದು; ಕಳೆದುಹೋದ ಒಂದು ಗಿಡದ ನೆನಪೂ ಹಾಗೆಯೇ ಅದಕ್ಕೆ ಅಂಟಿಕೊಂಡಿದೆ.

ಇಂದು ಕಟ್ಟಳೆಗಳಿಗೆ ಕೊರತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಮದ್ದುಗಿಡಗಳ ಕೃಷಿಗೂ ಸಂಗ್ರಹಣೆಗೂ ಸೂತ್ರಗಳನ್ನು ಹೊರಡಿಸಿತು. ನಮ್ಮ ದೇಶದಲ್ಲಿ 2000ದಲ್ಲಿ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ ಸ್ಥಾಪಿತವಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿತು. ಬಲಿತದ್ದನ್ನು ಮಾತ್ರ ತೆಗೆಯಿರಿ, ಬೀಜಕ್ಕೆ ಒಂದಿಷ್ಟು ಬಿಡಿ, ತೊಗಟೆಯನ್ನು ಮರದ ಸುತ್ತಲೂ ಸುಲಿಯಬೇಡಿ ಎಂಬ ತಜ್ಞರ ಮಾತು ಬೇರು ಕೀಳುವವನಿಗೆ ಹೊಸದಲ್ಲ. ಆದರೆ ನ್ಯಾಯವಾದ ಬೆಲೆ ಸಿಗದವನು ಹೊಟ್ಟೆಪಾಡಿಗಾಗಿ ಎರಡು ಗಿಡದ ಜಾಗದಲ್ಲಿ ನಾಲ್ಕನ್ನು ಕೀಳುತ್ತಾನೆ. ಕಟ್ಟಳೆ ಮಾಡುವವರು ಆತನ ಮಾತನ್ನು ಕೇಳಬೇಕು, ಆತನಿಗೆ ಪಾಲನ್ನೂ ಕೊಡಬೇಕು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಕಾಡು ತಿಳಿದವನ ತಿಳಿವಳಿಕೆಯನ್ನು ತಳ್ಳಿಹಾಕಿದರೆ ನಷ್ಟ ಆತನೊಬ್ಬನಿಗೇ ಅಲ್ಲ.

ಥಿಯೋಫ್ರಾಸ್ಟಸನು ಸುಮಾರು 85 ವರ್ಷ ಬಾಳಿ ಕ್ರಿ. ಪೂ. 287ರ ಹೊತ್ತಿಗೆ ತೀರಿಕೊಂಡನು. ಅಥೆನ್ಸಿನ ಜನರೆಲ್ಲ ಆತನ ಅಂತ್ಯಯಾತ್ರೆಯಲ್ಲಿ ನಡೆದರಂತೆ. ಆತನ ಗ್ರಂಥಗಳಲ್ಲಿ ಬಹುಭಾಗ ನಷ್ಟವಾದರೂ ಸಸ್ಯಗಳನ್ನು ಕುರಿತ ಎರಡು ಗ್ರಂಥಗಳು ಉಳಿದುಬಂದು 1483ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದವು. ಆತನ ಮರಣಶಾಸನವೂ ಉಳಿದಿದೆ. ತನ್ನ ತೋಟವನ್ನೂ ಅದಕ್ಕೆ ಸೇರಿದ ಮನೆಗಳನ್ನೂ ಕೂಡಿ ಓದುವ ಗೆಳೆಯರಿಗೆ ಬಿಟ್ಟುಹೋದನು. ಯಾರೊಬ್ಬರೂ ಅದನ್ನು ಪರಭಾರೆ ಮಾಡಕೂಡದು, ತನ್ನದೆಂದು ಹಿಡಿದಿಟ್ಟುಕೊಳ್ಳಕೂಡದು, ದೇಗುಲವನ್ನು ಅನುಭವಿಸುವಂತೆ ಎಲ್ಲರೂ ಸೇರಿ ಅನುಭವಿಸಬೇಕೆಂದು ವಿಧಿಸಿದನು. ತೋಟದ ಮೂಲೆಯೊಂದರಲ್ಲಿ ಆಡಂಬರವಿಲ್ಲದೆ ತನ್ನನ್ನು ಮಣ್ಣುಮಾಡಬೇಕೆಂದು ಕೇಳಿಕೊಂಡನು. ಸೈರೀನಿನವರ ಕಟ್ಟಳೆಯನ್ನು ಬರೆದಿಟ್ಟ ಕೈಯೇ ತನ್ನ ತೋಟಕ್ಕೂ ಅಂಥದೇ ಒಂದು ಕಟ್ಟಳೆಯನ್ನು ಬರೆದು ವಿಶ್ರಮಿಸಿತು.