ನೀರು ಕೊಟ್ಟ ಸಾಬರು ನೆನಪಿದ್ದಾರೆ, ಸಭೆ ಕೊಟ್ಟ ಸಾಬರು?

ತಳಕಲ್‌ನ ನಮ್ಮ ಓಣಿಯಲ್ಲಿ ಹಳೆಯದೊಂದು ಕೈಪಂಪು ಇದೆ. ನೀರು ಬತ್ತಿ ವರ್ಷಗಳಾದವು, ಹಿಡಿಕೆಯೂ ಮುರಿದಿದೆ. ನಮ್ಮಜ್ಜಿ ಮಾತ್ರ ಇವತ್ತಿಗೂ ಅದನ್ನ ಸಾಬರ ಬೋರು ಅಂತಲೇ ಕರೀತಾಳೆ. ಯಾವ ಸಾಬರು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಅಬ್ದುಲ್ ನಜೀರ್ ಸಾಬ್.

ಅವರು ಗುಂಡ್ಲುಪೇಟೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಹೊತ್ತರು. ಅವು ಬರದ ವರ್ಷಗಳು. ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಕೂರಿಸಿದರು. ಜನ ಪ್ರೀತಿಯಿಂದ ನೀರ್ ಸಾಬ್ ಅಂದರು.

ಆದರೆ ಅವರ ದೊಡ್ಡ ಕೆಲಸ ಅದಲ್ಲ. ಬೋರು ಎಲ್ಲಿ ಕೊರೆಯಬೇಕು, ಚರಂಡಿ ಯಾವ ಓಣಿಗೆ ಮೊದಲು ಅನ್ನೋದನ್ನ ಬೆಂಗಳೂರು ಯಾಕೆ ತೀರ್ಮಾನಿಸಬೇಕು ಅಂತ ಕೇಳಿದವರು ಅವರು. 1983ರಲ್ಲೇ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳ ಮಸೂದೆ ತಂದರು. ಕೈಲಿರುವ ಅಧಿಕಾರ ಬಿಡೋಕೆ ಅವರ ಪಕ್ಷದ ಶಾಸಕರಿಗೇ ಇಷ್ಟವಿರಲಿಲ್ಲ. ರಾಷ್ಟ್ರಪತಿಗಳ ಅಂಕಿತ ಸಿಗೋ ಹೊತ್ತಿಗೆ 1985 ಆಗಿತ್ತು. ಸಾಬರು ಪಟ್ಟು ಬಿಡಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಆಗ ತಳಕಲ್ ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ಅದೂ ಸಂವಿಧಾನದ 73ನೇ ತಿದ್ದುಪಡಿಗಿಂತ ಎಷ್ಟೋ ಮೊದಲೇ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಐಎಎಸ್ ಅಧಿಕಾರಿ ಅವರ ಕೈಕೆಳಗೆ. ಊರಿನ ಮತದಾರರೆಲ್ಲ ಕೂತು ಕೇಳಬಹುದಾದ ಗ್ರಾಮಸಭೆಗೂ ಕಾನೂನಿನಲ್ಲಿ ಜಾಗ ಸಿಕ್ಕಿತು.

ಎಲ್ಲವೂ ಸರಿಯಿತ್ತು ಅಂತಲ್ಲ. ಪ್ರಬಲ ಜಾತಿಗಳ ಹಿಡಿತ ತಪ್ಪಲಿಲ್ಲ. ಪ್ರಶ್ನೆಗಳಿಗೆ ಹೆದರಿ ಗ್ರಾಮಸಭೆಯನ್ನೇ ತಪ್ಪಿಸಿದವರೂ ಇದ್ದರು. ಅದನ್ನ ತಿದ್ದೋಕೆ ಸಾಬರಿಗೆ ಸಮಯ ಸಿಗಲಿಲ್ಲ. 1988ರ ಅಕ್ಟೋಬರಿನಲ್ಲಿ ಕ್ಯಾನ್ಸರ್ ಅವರನ್ನ ಒಯ್ದಿತು. ಮುಂದೆ ಆ ಸಂಸ್ಥೆಗಳ ಐದು ವರ್ಷದ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನ ಕೂರಿಸಲಾಯಿತು.

ಈ ಕತೆ ಎಲ್ಲೋ ಕೇಳಿದಂಗಿದೆ ಅಲ್ವಾ? 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಸಾಬರ ಹೆಸರಿಟ್ಟಿದ್ದೇವೆ, ಅವರ ಪ್ರಶ್ನೆಯನ್ನ ಮರೆತಿದ್ದೇವೆ.

ಹೆಸರು ಬೇಡ, ಒಂದೂರಿನ ಗ್ರಾಮಸಭೆಗೆ ಹೋಗಿದ್ದೆ. ಕಾಮಗಾರಿಗಳ ಪಟ್ಟಿ ಮೊದಲೇ ಟೈಪ್ ಆಗಿತ್ತು. ಜನರಿಂದ ಬೇಕಾಗಿದ್ದು ಸಹಿ ಮಾತ್ರ. ನೀರು ಹೊರೋ ಹೆಂಗಸರು ಬಾಗಿಲಾಚೆ ನಿಂತಿದ್ದರು. ಅರ್ಧ ಗಂಟೆಯಲ್ಲಿ ಸಭೆ ಮುಗೀತು. ಸಿಸಿ ರಸ್ತೆ ಬಂದರೂ ಅದು ಯಾರು ಕೇಳಿದ ರಸ್ತೆ ಅನ್ನೋದು ಯಾರಿಗೂ ಗೊತ್ತಾಗಲ್ಲ.

ಈಗಿನ ಕಾನೂನಿನಲ್ಲಿ ಗ್ರಾಮಸಭೆಗಿಂತ ಕೆಳಗೆ ವಾರ್ಡ್ ಸಭೆಯೂ ಇದೆ. ಕೆಲಸಗಳ ಪಟ್ಟಿ ಹುಟ್ಟಬೇಕಾದ್ದು ಅಲ್ಲಿ. ಚುನಾವಣೆ ನಡೆಸಿ ಅಂತ ಬೀದಿಗಿಳಿಯೋ ನಾವು ನಮ್ಮ ವಾರ್ಡ್ ಸಭೆಗೆ ಎಷ್ಟು ಸಲ ಹೋಗಿದ್ದೀವಿ? ನಾನಂತೂ ಒಂದು ಸಲವೂ ಹೋಗಿಲ್ಲ. ಮುಂದಿನ ಸಭೆಗೆ ಅಜ್ಜಿಯನ್ನ ಕರ್ಕೊಂಡು ಹೋಗ್ತೀನಿ. ಆ ಕೈಪಂಪಿನ ಜಾಗದಲ್ಲಿ ಏನು ಬರಬೇಕು ಅನ್ನೋದು, ಅಲ್ಲಿ ಕೊಡ ಹಿಡಿದು ಸರದಿ ನಿಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.