ಕಪ್ಪು ಜನರಿಗೊಂದು ಹಡಗು: ಮಾರ್ಕಸ್ ಗಾರ್ವೆ ಕಂಡ ಕನಸು

ತನ್ನ ಸಾವಿನ ಸುದ್ದಿಯನ್ನು ತಾನೇ ಓದುವ ಯೋಗ ಎಷ್ಟು ಮಂದಿಗೆ ಬಂದೀತು? 1940ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿದ್ದ ಮಾರ್ಕಸ್ ಗಾರ್ವೆಗೆ ಬಂದಿತ್ತು. ಜನವರಿಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ಅವರು ಸತ್ತೇ ಹೋದರೆಂದು ಪತ್ರಿಕೆಗಳು ಬರೆದವು. ಬರೆದ ರೀತಿಯಲ್ಲೂ ಗೌರವವಿರಲಿಲ್ಲ. ಜೂನ್ 10ರಂದು ಅವರು ನಿಜಕ್ಕೂ ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಗಾರ್ವೆ ಹುಟ್ಟಿದ್ದು 1887ರ ಆಗಸ್ಟ್ 17ರಂದು, ಜಮೈಕಾದ ಸೇಂಟ್ ಆನ್ಸ್ ಬೇ ಎಂಬ ಊರಲ್ಲಿ. ತಂದೆ ಕಲ್ಲುಕೆಲಸದವರು. ಹುಡುಗ ಓದು ಬಿಟ್ಟು ಮುದ್ರಣಾಲಯ ಸೇರಿದ. ಮುಂದೆ ಕೋಸ್ಟರಿಕಾದ ಬಾಳೆತೋಟಗಳಲ್ಲಿ ತನ್ನವರು ಪಡುವ ಪಾಡು ಕಂಡರು, ಲಂಡನ್ನಿನಲ್ಲಿ ಆಫ್ರಿಕಾದ ಮಂದಿಯ ಒಡನಾಟ ಸಿಕ್ಕಿತು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಕಪ್ಪು ಜನರಿಗೆ ಸ್ವಂತ ಸರ್ಕಾರ, ಸ್ವಂತ ಸೇನೆ, ಸ್ವಂತ ಹಡಗು ಏಕಿಲ್ಲ? 1914ರಲ್ಲಿ ಕಿಂಗ್‌ಸ್ಟನ್‌ಗೆ ಮರಳಿ ಯುನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿ ಅದು ಅಷ್ಟಾಗಿ ಬೆಳೆಯಲಿಲ್ಲ. ಬೆಳೆದದ್ದು 1916ರಲ್ಲಿ ಅವರು ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಹೋದ ಮೇಲೆ.

ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿ ಬಂದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕಕ್ಕಾಗಿ ಹೋರಾಡಿ ಬಂದರೂ ಅವಮಾನವನ್ನೇ ಉಂಡವರು, ಹೀಗೆ ಕೇಳುವ ಕಿವಿಗಳು ಅಲ್ಲಿ ಬೇಕಾದಷ್ಟಿದ್ದವು. ಬಿಳಿಯರ ದಯೆಗೆ ಕಾಯಬೇಡಿ, ನಿಮ್ಮದನ್ನು ನೀವೇ ಕಟ್ಟಿಕೊಳ್ಳಿ ಎಂಬುದು ಗಾರ್ವೆ ವಾದ. 1919ರಲ್ಲಿ ಬ್ಲ್ಯಾಕ್ ಸ್ಟಾರ್ ಲೈನ್ ಹಡಗು ಕಂಪನಿ ಶುರುವಾಯಿತು. ಷೇರಿಗೆ ಬರೀ 5 ಡಾಲರ್. ಮನೆಗೆಲಸದ ಹೆಂಗಸರು, ಹೋಟೆಲ್ ಮಾಣಿಗಳು ಕೂಡಿಟ್ಟ ಕಾಸು ತಂದು ಸುರಿದರು. 1920ರ ಆಗಸ್ಟ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಮಾರು 25 ಸಾವಿರ ಜನ ಸೇರಿದ್ದರು. ಕೆಂಪು, ಕಪ್ಪು, ಹಸಿರು ಬಾವುಟ ಒಪ್ಪಿತವಾದದ್ದು ಆ ಸಮ್ಮೇಳನದಲ್ಲೇ.

ಆದರೆ ಹಡಗು ನಡೆಸುವುದು ಭಾಷಣ ಮಾಡಿದಷ್ಟು ಸುಲಭವಲ್ಲವಲ್ಲ. 1,65,000 ಡಾಲರ್ ಕೊಟ್ಟು ಕೊಂಡ ಯಾರ್ಮತ್ ಒಂದು ಹಳೇ ಡಬ್ಬಾ. ಮೆರವಣಿಗೆಗೆಂದು ಬಂದರಿನಿಂದ ಬಂದರಿಗೆ ಸುತ್ತಿ, ತುಂಬಿಕೊಂಡಿದ್ದ ತೆಂಗಿನಕಾಯಿ ಕೊಳೆತುಹೋಯಿತು. ಕೊನೆಗೆ ಹಡಗೇ ಗುಜರಿಗೆ ಹೋಯಿತು. ಬಡವರ ದುಡ್ಡು ಮುಳುಗಿತು. ಈ ಹೊಣೆಯಿಂದ ಗಾರ್ವೆ ತಪ್ಪಿಸಿಕೊಳ್ಳುವಂತಿಲ್ಲ. 1922ರಲ್ಲಿ ಬಿಳಿಯರ ಉಗ್ರ ಸಂಘಟನೆ ಕು ಕ್ಲಕ್ಸ್ ಕ್ಲ್ಯಾನ್‌ನ ಮುಖಂಡನನ್ನು ಭೇಟಿಯಾದದ್ದಂತೂ ಸ್ವಂತ ಜನರನ್ನೇ ಕೆರಳಿಸಿತು. ಮೊದಲೇ ಮುನಿದಿದ್ದ ಡು ಬೋಯ್ಸ್‌ರಂಥ ಕಪ್ಪು ಚಿಂತಕರು ಅವರನ್ನು ಕ್ಷಮಿಸಲೇ ಇಲ್ಲ.

ಆದರೆ ಮೊಕದ್ದಮೆಯ ಕಥೆಯೇ ಬೇರೆ. ಎಡ್ಗರ್ ಹೂವರ್ ಮೊದಲೇ ಗಾರ್ವೆ ಬೆನ್ನು ಬಿದ್ದಿದ್ದರು. ಅಂಚೆ ಮೂಲಕ ವಂಚಿಸಿದರೆಂಬ ಆರೋಪದಲ್ಲಿ 1923ರಲ್ಲಿ ಐದು ವರ್ಷ ಶಿಕ್ಷೆಯಾಯಿತು. ಮುಖ್ಯ ಸಾಕ್ಷ್ಯವೆಂದರೆ ಕಂಪನಿಯ ಮುದ್ರೆಯಿದ್ದ ಒಂದು ಖಾಲಿ ಲಕೋಟೆ! 1927ರಲ್ಲಿ ಅಧ್ಯಕ್ಷ ಕೂಲಿಜ್ ಶಿಕ್ಷೆ ತಗ್ಗಿಸಿ ಗಡೀಪಾರು ಮಾಡಿದರು. ಆಫ್ರಿಕಾಕ್ಕೆ ಮರಳಿ ಎಂದು ಲಕ್ಷಾಂತರ ಜನರನ್ನು ಹುರಿದುಂಬಿಸಿದ ಗಾರ್ವೆ ಆ ನೆಲದಲ್ಲಿ ಒಮ್ಮೆಯೂ ಕಾಲಿಡಲಿಲ್ಲ.

ಅವರ ನಕ್ಷತ್ರ ಮಾತ್ರ ಅಲ್ಲಿಗೆ ತಲುಪಿತು. 1957ರಲ್ಲಿ ಸ್ವತಂತ್ರವಾದ ಘಾನಾದ ಬಾವುಟದ ನಡುವೆ ಇದ್ದದ್ದು ಕಪ್ಪು ನಕ್ಷತ್ರವೇ. ಆ ದೇಶದ ಹಡಗು ಕಂಪನಿಗೂ ಬ್ಲ್ಯಾಕ್ ಸ್ಟಾರ್ ಎಂದೇ ಹೆಸರಾಯಿತು. ಮಾಲ್ಕಂ ಎಕ್ಸ್ ತಂದೆ ತಾಯಿ ಇಬ್ಬರೂ ಗಾರ್ವೆ ಸಂಘದ ಕಾರ್ಯಕರ್ತರು. 1964ರಲ್ಲಿ ಜಮೈಕಾ ಅವರ ಶವಪೆಟ್ಟಿಗೆಯನ್ನು ಲಂಡನ್ನಿನಿಂದ ತರಿಸಿ, ಮೊದಲ ರಾಷ್ಟ್ರವೀರ ಎಂದು ಘೋಷಿಸಿತು. ಅಮೆರಿಕಕ್ಕೆ ಇನ್ನಷ್ಟು ಸಮಯ ಬೇಕಾಯಿತು. ಜೋ ಬೈಡನ್ ಅಧಿಕಾರ ಬಿಡುವ ಹಿಂದಿನ ದಿನ, 2025ರ ಜನವರಿ 19ರಂದು, ಗಾರ್ವೆಗೆ ಕ್ಷಮಾದಾನ ನೀಡಿದರು.