ನಕ್ಷೆಯೊಳಗಿಂದ ಎದ್ದುಬಂದ ನಿಧಿದ್ವೀಪ: ಸ್ಟೀವನ್‌ಸನ್ನನ ಆಟ ಮತ್ತು ಬದುಕು

ಕಥೆ ಬರೆದು ಮುಗಿಸಿದ ಮೇಲೆ ಓದುಗರ ಅನುಕೂಲಕ್ಕೆಂದು ನಕ್ಷೆಯೊಂದನ್ನು ಸೇರಿಸುವುದು ಪುಸ್ತಕಲೋಕದ ವಾಡಿಕೆ. ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಬಾಳಿನಲ್ಲಿ ಇದು ತಿರುವುಮುರುವಾಯಿತು. ಮೊದಲು ಬಂದದ್ದು ನಕ್ಷೆ. ಕಡಲುಗಳ್ಳರು, ಹಡಗು, ಹೂತಿಟ್ಟ ಹೊನ್ನು ಎಲ್ಲವೂ ಆ ನಕ್ಷೆಯೊಳಗಿಂದ ಒಂದೊಂದಾಗಿ ಎದ್ದುಬಂದವು. ಹಾಗೆ ಹುಟ್ಟಿದ 'ಟ್ರೆಷರ್ ಐಲೆಂಡ್' 1883ರಲ್ಲಿ ಪುಸ್ತಕರೂಪ ತಳೆಯಿತು. ಇಂದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ತಾವೇ ಯೋಧರೂ ಮಾಂತ್ರಿಕರೂ ಆಗಿ ಆಡುವ ಕಲ್ಪನಾಲೋಕದ ಆಟಗಳಲ್ಲಿ ನಕ್ಷೆಗೆ ಯಾವ ಸ್ಥಾನವಿದೆಯೋ, ಅದನ್ನು ಸ್ಟೀವನ್‌ಸನ್ ಆ ಆಟಗಳು ಹುಟ್ಟುವುದಕ್ಕೆ ತೊಂಬತ್ತು ವರ್ಷಗಳಿಗೂ ಮೊದಲೇ ಕಂಡುಕೊಂಡಿದ್ದ.

1850ರ ನವೆಂಬರ್ 13ರಂದು ಎಡಿನ್‌ಬರೋದಲ್ಲಿ ಜನಿಸಿದ ಈತ ದೀಪಸ್ತಂಭ ಕಟ್ಟುವವರ ವಂಶದ ಕುಡಿ. ನಾರ್ತ್ ಸಮುದ್ರದ ಬೆಲ್ ರಾಕ್ ಬಂಡೆಯ ಮೇಲೆ 1811ರಲ್ಲಿ ಬೆಳಗಿದ ದೀಪಸ್ತಂಭದ ಹಿಂದೆ ಇದ್ದವನು ಅಜ್ಜ ರಾಬರ್ಟ್ ಸ್ಟೀವನ್‌ಸನ್. ತಂದೆ ಥಾಮಸ್ ಸಹ ಅದೇ ವೃತ್ತಿಯ ಹೆಸರಾಂತ ಎಂಜಿನಿಯರ್. ಕರಾವಳಿಯ ಅಳತೆ, ಆಳದ ಲೆಕ್ಕ, ಬಂಡೆಗಳ ಗುರುತು ಆ ಮನೆಯ ನಿತ್ಯದ ಮಾತು. ಒಬ್ಬನೇ ಮಗನಿಗೆ ಮಾತ್ರ ಚಿಕ್ಕಂದಿನಿಂದಲೂ ಎದೆಯ ಬೇನೆ. ಚಳಿಗಾಲವೆಂದರೆ ಕೆಮ್ಮು, ಜ್ವರ, ಹಾಸಿಗೆ. ದಾದಿ ಆಲಿಸನ್ ಕನಿಂಗ್‌ಹ್ಯಾಮ್ ರಾತ್ರಿಗಟ್ಟಲೆ ಎಚ್ಚರವಿದ್ದು ಆರೈಕೆ ಮಾಡುತ್ತಿದ್ದಳು. ಹೊದಿಕೆಯ ಮಡಿಕೆಗಳೇ ಬೆಟ್ಟಗಳಾಗಿ, ಅವುಗಳ ನಡುವೆ ಆಟಿಕೆಯ ಸಿಪಾಯಿಗಳನ್ನು ನಡೆಸುತ್ತಿದ್ದ ಆ ದಿನಗಳನ್ನು ಆತ ಮುಂದೆ ಮಕ್ಕಳ ಕವಿತೆಯೊಂದರಲ್ಲಿ ನೆನೆದ. ನೆಲವನ್ನು ಆಟದ ಅಂಕಣವನ್ನಾಗಿ ನೋಡುವ ಕಣ್ಣು ಅಲ್ಲಿಯೇ ಮೂಡಿರಬೇಕು.

1867ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಕಲಿಯಲು ಸೇರಿದ. ರಜೆಗಳಲ್ಲಿ ತಂದೆಯ ಕಾಮಗಾರಿಗಳಿಗೆ ಹೋಗಿಬರುತ್ತಿದ್ದ. 1870ರಲ್ಲಿ ಎರೈಡ್ ಎಂಬ ಪುಟ್ಟ ದ್ವೀಪದಲ್ಲಿ ಕೆಲವು ವಾರ ತಂಗಿದ್ದ. ಮರುವರ್ಷ ದೀಪಸ್ತಂಭಕ್ಕೆ ಹೊಸ ಬಗೆಯ ಬೆಳಕಿನ ವ್ಯವಸ್ಥೆಯೊಂದನ್ನು ಕುರಿತು ಪ್ರಬಂಧ ಮಂಡಿಸಿ ರಾಯಲ್ ಸ್ಕಾಟಿಷ್ ಸೊಸೈಟಿ ಆಫ್ ಆರ್ಟ್ಸ್‌ನ ಬೆಳ್ಳಿ ಪದಕವನ್ನೂ ಪಡೆದ. ಅದೇ ವರ್ಷ, ತನಗೆ ಈ ವೃತ್ತಿ ಬೇಡ, ಬರವಣಿಗೆಯೇ ಬೇಕೆಂದು ತಂದೆಗೆ ತಿಳಿಸಿದ. ಕಾನೂನು ಓದುವುದೆಂಬ ರಾಜಿಯೊಂದಾಯಿತು. 1875ರಲ್ಲಿ ವಕೀಲನೂ ಆದ. ಆದರೆ ವಕೀಲಿ ನಡೆಸಿದ್ದು ನೆಪಮಾತ್ರಕ್ಕೆ. ಇದರ ನಡುವೆ 1873ರಲ್ಲಿ, ಮಗನಿಗೆ ಚರ್ಚಿನ ನಂಬಿಕೆ ಉಳಿದಿಲ್ಲವೆಂದು ತಿಳಿದಾಗ ಆ ಧರ್ಮನಿಷ್ಠ ಮನೆಯಲ್ಲಿ ಎದ್ದ ಬಿರುಗಾಳಿ ಸಣ್ಣದಲ್ಲ. ತಂದೆ ಮಗ ಇಬ್ಬರೂ ಪರಸ್ಪರ ಪ್ರೀತಿಸುತ್ತಿದ್ದರೆಂಬುದೇ ಆ ಜಗಳವನ್ನು ಇನ್ನಷ್ಟು ಕಹಿಯಾಗಿಸಿತು.

1876ರಲ್ಲಿ ಫ್ರಾನ್ಸಿನಲ್ಲಿ ತನಗಿಂತ ಹತ್ತು ವರ್ಷ ಹಿರಿಯಳಾದ, ಮಕ್ಕಳೊಂದಿಗಳಾದ ಅಮೆರಿಕದ ಫ್ಯಾನಿ ಆಸ್‌ಬೋರ್ನ್‌ಳನ್ನು ಕಂಡು ಮನಸೋತ. ಅವಳಿಗಾಗಿ 1879ರಲ್ಲಿ ಅಟ್ಲಾಂಟಿಕ್ ದಾಟಿ ಕ್ಯಾಲಿಫೋರ್ನಿಯಾ ಸೇರಿದ. ದಾರಿಯ ಆಯಾಸದಿಂದ ಸಾವಿನ ಅಂಚಿಗೆ ಹೋಗಿಬಂದ. 1880ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿವಾಹವಾಯಿತು. ಫ್ಯಾನಿಯ ಜೊತೆಗೆ ಅವಳ ಮೊದಲ ಮದುವೆಯ ಮಗ, ಹನ್ನೆರಡರ ಹರೆಯದ ಲಾಯ್ಡ್ ಕೂಡ ಆತನ ಬಾಳಿಗೆ ಬಂದ.

1881ರ ಆಗಸ್ಟ್‌ನಲ್ಲಿ ಕುಟುಂಬವೆಲ್ಲ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಬಿಡಾರ ಹೂಡಿತ್ತು. ಎಡೆಬಿಡದ ಮಳೆ, ಹೊರಗೆ ಕಾಲಿಡುವಂತಿಲ್ಲ. ಬೇಸರ ಕಳೆಯಲು ಹುಡುಗ ಬಣ್ಣದ ಪೆಟ್ಟಿಗೆ ಹಿಡಿದು ಕುಳಿತಿದ್ದ, ಸ್ಟೀವನ್‌ಸನ್ ಜೊತೆಗೂಡಿದ. ಹಾಳೆಯ ಮೇಲೆ ಒಂದು ದ್ವೀಪ ಮೂಡಿತು. ಅದಕ್ಕೆ ಎರಡು ಬಂದರುಗಳು, ಸ್ಪೈಗ್ಲಾಸ್ ಎಂಬ ಬೆಟ್ಟ, ಸ್ಕೆಲಿಟನ್ ಐಲೆಂಡ್ ಎಂಬ ನಡುಗಡ್ಡೆ, ನಿಧಿಯ ಗುರುತಿಗೆ ಕೆಂಪು ಶಿಲುಬೆಗಳು. ನೋಡುತ್ತಿದ್ದಂತೆ ಕಾಡುಗಳ ನಡುವೆ ಮುಖಗಳು ಇಣುಕತೊಡಗಿದವು. ಪ್ರಕರಣಗಳ ಪಟ್ಟಿ ಸಿದ್ಧವಾಯಿತು. ಹದಿನೈದು ದಿನಗಳಲ್ಲಿ ಹದಿನೈದು ಅಧ್ಯಾಯಗಳಾದವು. ಬರೆದುದನ್ನು ಮನೆಯವರ ಮುಂದೆ ಓದಿದಾಗ ಎಲ್ಲರಿಗಿಂತ ಹೆಚ್ಚು ಮೈಮರೆತವನು ವೃದ್ಧ ಥಾಮಸ್. ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಆತನೇ ಪಟ್ಟಿ ಬರೆದುಕೊಟ್ಟ; ಕಡಲುಗಳ್ಳ ಫ್ಲಿಂಟ್‌ನ ಹಡಗಿಗೆ 'ವಾಲ್ರಸ್' ಎಂಬ ಹೆಸರನ್ನೂ ಸೂಚಿಸಿದ. ಹತ್ತು ವರ್ಷಗಳ ಹಿಂದೆ ದೀಪಸ್ತಂಭಗಳ ವಿಷಯದಲ್ಲಿ ಬೇರೆಯಾದ ದಾರಿಗಳು, ಇಲ್ಲದ ದ್ವೀಪವೊಂದರ ತೀರದಲ್ಲಿ ಕೂಡಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ನಕ್ಷೆ ಕೇವಲ ಸ್ಫೂರ್ತಿ ನೀಡಿ ಸುಮ್ಮನಾಗಲಿಲ್ಲ. ಕಥೆಯ ತಿರುವುಗಳನ್ನೇ ಅದು ನಿರ್ಧರಿಸಿತು. ದ್ವೀಪಕ್ಕೆ ಎರಡು ಬಂದರುಗಳಿದ್ದುದರಿಂದಲೇ 'ಹಿಸ್ಪನಿಯೋಲಾ' ಹಡಗು ಒಂದರಿಂದ ಇನ್ನೊಂದಕ್ಕೆ ಅಲೆಯಬೇಕಾಯಿತು. ಸ್ಕೆಲಿಟನ್, ಅಂದರೆ ಅಸ್ಥಿಪಂಜರವೆಂಬ ಹೆಸರನ್ನು ಕೇವಲ ಸೊಗಸಿಗೆಂದು ಇಟ್ಟಾಗಿತ್ತು. ಆ ಹೆಸರಿಗೆ ನ್ಯಾಯ ಒದಗಿಸಲು ದಾರಿ ತೋರಿಸುವ ಅಸ್ಥಿಪಂಜರವನ್ನು ಎಡ್ಗರ್ ಆಲನ್ ಪೋನ ಭಂಡಾರದಿಂದ ಎತ್ತಿಕೊಳ್ಳಬೇಕಾಯಿತು. ಇದನ್ನು ಮುಂದೆ ಸ್ಟೀವನ್‌ಸನ್ ತಾನೇ ಮುಚ್ಚುಮರೆಯಿಲ್ಲದೆ ಬರೆದುಕೊಂಡ. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಬುಡದಲ್ಲಿರುವುದೂ ಇದೇ ಕ್ರಮ. ಆಟ ನಡೆಸುವವನು ನೆಲಮಾಳಿಗೆಯ ಚಕ್ರವ್ಯೂಹವನ್ನು ಮೊದಲೇ ಗ್ರಾಫ್ ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತಾನೆ. ಅದನ್ನು ಕಾಣದ ಆಟಗಾರರು ಹೆಜ್ಜೆಹೆಜ್ಜೆಗೂ ಕೇಳಿ ತಿಳಿದು ತಮ್ಮದೊಂದು ನಕ್ಷೆ ಬರೆದುಕೊಳ್ಳುತ್ತ ಸಾಗುತ್ತಾರೆ. ಬಾಗಿಲು ಇರುವ ಕಡೆ ಮಾತ್ರ ನುಗ್ಗಬಹುದು, ಸೇತುವೆ ಇಲ್ಲದಿದ್ದರೆ ಹೊಳೆಯನ್ನು ಈಜಲೇಬೇಕು. ಎಲ್ಲೆಯಿದ್ದಾಗಲೇ ಕಲ್ಪನೆಗೆ ಬಿಗಿ ಬರುತ್ತದೆ.

ಹದಿನಾರನೆಯ ಅಧ್ಯಾಯದ ಹೊತ್ತಿಗೆ ಬರಹ ತಟಸ್ಥವಾಯಿತು. ಎದೆಯ ಬೇನೆಯ ಸಲುವಾಗಿ ಸ್ವಿಟ್ಜರ್‌ಲೆಂಡಿನ ದಾವೋಸ್‌ಗೆ ಹೋದ ಮೇಲೆ ಉಳಿದುದು ದಿನಕ್ಕೊಂದು ಅಧ್ಯಾಯದಂತೆ ಮುಗಿಯಿತು. ಆ ಚಳಿಗಾಲದ ಇನ್ನೊಂದು ಉದ್ಯೋಗ ಕಡಿಮೆ ಮಂದಿಗೆ ಗೊತ್ತು. ಬಾಡಿಗೆ ಮನೆಯ ಅಟ್ಟದಲ್ಲಿ, ಏಣಿ ಹತ್ತಿ ಹೋಗಬೇಕಾದ, ಮೇಣದ ಬತ್ತಿಯಿಲ್ಲದೆ ಏನೂ ಕಾಣದ ಕೊರೆಯುವ ಚಳಿಯ ಜಾಗದಲ್ಲಿ, ಆತ ಲಾಯ್ಡ್‌ನೊಡನೆ ನೆಲದ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಿಂದ ಒಂದು ದೇಶವನ್ನೇ ಬರೆದ. ಬೆಟ್ಟ, ನದಿ, ಊರು, ಸೇತುವೆ, ಎರಡು ದರ್ಜೆಯ ರಸ್ತೆಗಳು. ಅದರ ಮೇಲೆ ಆಟಿಕೆಯ ಸಿಪಾಯಿಗಳ ದಂಡಯಾತ್ರೆ. ಹವಾಮಾನ ಕೆಟ್ಟರೆ ರಸ್ತೆಯೂ ಕೆಡುತ್ತಿತ್ತು, ಫಿರಂಗಿಗಳು ಕಾಲಾಳುಗಳಿಗಿಂತ ನಿಧಾನ ಸಾಗಬೇಕಿತ್ತು, ದಿನಸಿ ಸರಬರಾಜಿಗೂ ಲೆಕ್ಕವಿತ್ತು. ಮೊದಮೊದಲು ಗಂಟೆಗಳಲ್ಲಿ ಮುಗಿಯುತ್ತಿದ್ದ ಯುದ್ಧ ಬರಬರುತ್ತ ವಾರಗಟ್ಟಲೆ ನಡೆಯಿತು. ವೈದ್ಯರು ವಿಶ್ರಾಂತಿಗೆ ಕಳುಹಿಸಿದ್ದ ಮೂವತ್ತೊಂದರ ರೋಗಿ ಅಟ್ಟದ ಹಲಗೆಗಳ ಮೇಲೆ ಮಂಡಿಯೂರಿ ತೆವಳುತ್ತಿದ್ದ! ಸಾಲದೆಂಬಂತೆ 'ಗ್ಲೆಂಡಾರೂಲ್ ಟೈಮ್ಸ್', 'ಯಾಲೊಬಾಲಿ ರೆಕಾರ್ಡ್' ಎಂಬ ಪತ್ರಿಕೆಗಳನ್ನು ಕಲ್ಪಿಸಿ, ಅವುಗಳ ವರದಿಗಾರನಾಗಿ ರಣರಂಗದ ಸುದ್ದಿಗಳನ್ನೂ ಬರೆದ. ಸೀಮೆಸುಣ್ಣದ ಗೆರೆಗೆ ಊರಿನ ಹೆಸರು, ಊರಿಗೆ ಪತ್ರಿಕೆ, ಪತ್ರಿಕೆಗೆ ಪಕ್ಷಪಾತ: ಲೋಕ ಕಟ್ಟುವ ಕೆಲಸ ಹೀಗೆ ಬೆಳೆಯಿತು.

'ಟ್ರೆಷರ್ ಐಲೆಂಡ್' 1881ರ ಅಕ್ಟೋಬರ್‌ನಿಂದ 'ಯಂಗ್ ಫೋಕ್ಸ್' ವಾರಪತ್ರಿಕೆಯಲ್ಲಿ ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಗುಪ್ತನಾಮದಲ್ಲಿ ಧಾರಾವಾಹಿಯಾಯಿತು. ಅಲ್ಲಿ ಹೇಳಿಕೊಳ್ಳುವಂತಹ ಸದ್ದಾಗಲಿಲ್ಲ. ಕ್ಯಾಸೆಲ್ ಸಂಸ್ಥೆ ಪುಸ್ತಕ ಮಾಡಲು ಮುಂದಾದಾಗ ಹಸ್ತಪ್ರತಿಯೊಡನೆ ನಕ್ಷೆಯನ್ನೂ ಕಳುಹಿಸಲಾಯಿತು. ಅಚ್ಚಿನ ಕರಡು ತಿದ್ದುಪಡಿಗೆ ಬಂತು, ನಕ್ಷೆಯ ಸುದ್ದಿಯಿಲ್ಲ. ವಿಚಾರಿಸಿದರೆ ಅದು ತಲುಪಿಯೇ ಇಲ್ಲವೆಂಬ ಉತ್ತರ. ಸ್ಟೀವನ್‌ಸನ್ ದಿಗ್ಭ್ರಾಂತನಾದ. ಹಾಳೆಯೊಂದರ ಮೂಲೆಯಲ್ಲಿ ಮನಬಂದಂತೆ ದ್ವೀಪ ಬಿಡಿಸಿ ಅದಕ್ಕೆ ಕಥೆ ಕಟ್ಟುವುದು ಒಂದು. ಮುಗಿದ ಪುಸ್ತಕವನ್ನು ಆಮೂಲಾಗ್ರ ಜಾಲಾಡಿ, ಪ್ರತಿಯೊಂದು ದಿಕ್ಕು ದೂರಗಳ ಉಲ್ಲೇಖ ಹೆಕ್ಕಿ, ಕೈವಾರ ಹಿಡಿದು ಅದಕ್ಕೊಪ್ಪುವ ನಕ್ಷೆ ರಚಿಸುವುದು ಬೇರೆಯೇ ಶ್ರಮ. ಆ ಕೆಲಸ ನಡೆದದ್ದು ತಂದೆಯ ಕಚೇರಿಯಲ್ಲಿ. ನಕ್ಷೆಗೆ ತಿಮಿಂಗಿಲಗಳೂ ಹಾಯಿಹಡಗುಗಳೂ ಸೇರಿದವು. ಜೀವನವಿಡೀ ನಾವಿಕರಿಗೆ ನಿಜವಾದ ದಾರಿ ತೋರಿದ ಥಾಮಸ್, ತನ್ನ ಕೈಯಾರೆ ಕ್ಯಾಪ್ಟನ್ ಫ್ಲಿಂಟ್‌ನ ಸಹಿಯನ್ನು ನಕಲು ಮಾಡಿದ. ನಕ್ಷೆ ಅಂದವಾಗಿಯೇ ಬಂತು. ಆದರೂ ಮಗನ ಪಾಲಿಗೆ ಅದು ಎಂದೂ ನಿಜವಾದ ನಿಧಿದ್ವೀಪವೆನಿಸಲಿಲ್ಲ.

1886ರ 'ಕಿಡ್ನ್ಯಾಪ್ಡ್' ಕಾದಂಬರಿಗೂ ಆತ ನಕ್ಷೆ ಸೇರಿಸಿದ. ತಾನು ತಂಗಿದ್ದ ಎರೈಡ್ ದ್ವೀಪವೇ ಅದರಲ್ಲಿ ನಾಯಕ ಸಿಲುಕಿಕೊಳ್ಳುವ ತಾಣ. 1887ರ ಮೇ ತಿಂಗಳಲ್ಲಿ ಥಾಮಸ್ ತೀರಿಕೊಂಡ. ಅದೇ ವರ್ಷ ಸ್ಟೀವನ್‌ಸನ್ ಬ್ರಿಟನ್ ಬಿಟ್ಟ, ಮರಳಲೇ ಇಲ್ಲ. ಪೆಸಿಫಿಕ್ ದ್ವೀಪಗಳನ್ನು ಸುತ್ತಿ 1890ರಲ್ಲಿ ಸಮೋವಾದಲ್ಲಿ ನೆಲೆಸಿದ. 1894ರ ಡಿಸೆಂಬರ್ 3ರಂದು ಮೆದುಳಿನ ರಕ್ತಸ್ರಾವದಿಂದ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನನಾದಾಗ, ಸ್ಥಳೀಯರು ಕಾಡು ಕಡಿದು ವಾಯಿಯಾ ಬೆಟ್ಟದ ನೆತ್ತಿಗೆ ದಾರಿ ಮಾಡಿ ಅಲ್ಲಿಯೇ ಮಣ್ಣು ಮಾಡಿದರು.

ದಾವೋಸ್‌ನ ಅಟ್ಟದ ಯುದ್ಧ ಲೋಕಕ್ಕೆ ತಿಳಿದದ್ದು ಆ ನಂತರ, 1898ರಲ್ಲಿ ಲಾಯ್ಡ್ 'ಸ್ಕ್ರಿಬ್ನರ್ಸ್' ಮಾಸಪತ್ರಿಕೆಗೆ ಬರೆದ ಲೇಖನದಿಂದ. ಆಟಿಕೆಯ ಸಿಪಾಯಿಗಳ ಯುದ್ಧಕ್ಕೆ ಎಚ್.ಜಿ. ವೆಲ್ಸ್ ನಿಯಮಗಳ ಪುಸ್ತಕವನ್ನೇ ಬರೆದದ್ದು 1913ರಲ್ಲಿ. ನಿಧಿದ್ವೀಪದ ಮೊದಲ ನಕ್ಷೆಯನ್ನು ಬಿಡಿಸಿದವನು ತಾನೆಂದು ಸ್ಟೀವನ್‌ಸನ್ ಹೇಳಿಕೊಂಡಿದ್ದ. ದ್ವೀಪವನ್ನು ಮೊದಲು ಬರೆದವನು ತಾನು, ಮಲತಂದೆ ಅದಕ್ಕೆ ಹೆಸರುಗಳನ್ನು ತುಂಬಿದನೆಂದು ಲಾಯ್ಡ್ ಮುಂದೆ ಬರೆದ. ಇಬ್ಬರಲ್ಲಿ ಯಾರ ನೆನಪು ಸರಿಯೆಂದು ಹೇಳಬಲ್ಲ ಆ ಬ್ರೇಮಾರ್ ಹಾಳೆ ಇಂದಿಗೂ ಪತ್ತೆಯಾಗಿಲ್ಲ.